ಹೊಸ ಗಾಡಿಯ ಝಟಕಾ

ಗೇರು ಹಾಕುವ ಕೆಲಸವನ್ನು ಚಾಲಕನ ಕೈಯಿಂದ ತೆಗೆದುಕೊಂಡ ಯಂತ್ರ, ಗೇರು ನೆಟ್ಟಗೆ ಬೀಳದಿದ್ದಾಗ ಅದರ ಹೊಣೆಯನ್ನೂ ತಾನೇ ಹೊರಬೇಕು. ಕೇಳಲು ಇಷ್ಟು ಸರಳವಾದ ಮಾತು ವ್ಯವಹಾರಕ್ಕೆ ಬಂದಾಗ ತಲೆಕೆಳಗಾಗುತ್ತದೆ. ಲಕ್ಷಾಂತರ ರೂಪಾಯಿ ಸುರಿದು ತಂದ ಆಟೋಮ್ಯಾಟಿಕ್ ಪಿಕಪ್ಪು ಎರಡನೆಯ ಗೇರಿನಿಂದ ಮೂರಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದಂತೆ ಜಗ್ಗಿದರೆ, ಮಾಲೀಕ ಸರ್ವಿಸ್ ಸೆಂಟರಿಗೆ ಹೋಗಿ "ಝಟಕಾ ಹೊಡಿತದರಿ" ಅನ್ನುತ್ತಾನೆ. ಅಲ್ಲಿ ಸಿಗುವ ಉತ್ತರಗಳು ಮೂರೇ: ಹೊಸ ಗಾಡಿ, ಓಡಿಸಿದ ಹಾಗೆ ಸರಿಯಾಗುತ್ತದೆ; ಆಟೋಮ್ಯಾಟಿಕ್ ಎಂದರೆ ಎಲ್ಲವೂ ಹೀಗೇ; ನಿಮಗೆ ಓಡಿಸುವ ರೂಢಿ ಇಲ್ಲ. ಮೂರರಲ್ಲೂ ಒಂದಿಷ್ಟು ನಿಜವಿದೆ. ಆ ಒಂದಿಷ್ಟು ನಿಜವೇ ಮಾಲೀಕನ ಬಾಯಿ ಕಟ್ಟುತ್ತದೆ. ನಿಜ ಎಲ್ಲಿಗೆ ಮುಗಿಯುತ್ತದೆ, ನೆಪ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಗುರುತಿಸಿಕೊಳ್ಳದೆ ಹೋದರೆ ವಾರಂಟಿಯ ಕಾಲವೆಲ್ಲ ಈ ಮೂರು ಉತ್ತರಗಳ ನಡುವೆ ಅಲೆದಾಡುವುದರಲ್ಲೇ ಕಳೆದುಹೋಗುತ್ತದೆ.

ಮಮದಾಪುರದಂಥ ಊರಿನಲ್ಲಿ ಕುಳಿತು ಈ ಪ್ರಶ್ನೆ ಎತ್ತುವುದಕ್ಕೆ ಕಾರಣವಿದೆ. ಇಲ್ಲಿಂದ ಬಬಲೇಶ್ವರಕ್ಕೆ, ಬಬಲೇಶ್ವರದಿಂದ ವಿಜಯಪುರಕ್ಕೆ, ಇತ್ತ ತಿಕೋಟಾದಿಂದ ಅಥಣಿಯ ದಾರಿ ಹಿಡಿದು ಸಾಂಗಲಿ, ತಾಸಗಾಂವಿಗೆ ಓಡಾಡುವ ಪಿಕಪ್ಪುಗಳಲ್ಲಿ ಬಹುಪಾಲು ಇಂದಿಗೂ ಕೈಯಿಂದ ಗೇರು ಹಾಕುವ ಗಾಡಿಗಳೇ. ಬೊಲೆರೊ ಪಿಕಪ್ಪು, 2005ರಲ್ಲಿ ಬಂದು ಜನರ ಬಾಯಲ್ಲಿ ಛೋಟಾ ಹಾಥಿಯಾದ ಟಾಟಾ ಏಸ್, ಆಮೇಲೆ ಬಂದ ದೋಸ್ತ್ ಎಲ್ಲವೂ ಈ ಜಾತಿಯವು. ಆಟೋಮ್ಯಾಟಿಕ್ ಗೇರಿನ ಪಿಕಪ್ಪು ಎಂದರೆ ಇಸುಝು ವಿ-ಕ್ರಾಸ್, 2022ರಲ್ಲಿ ಭಾರತಕ್ಕೆ ಬಂದ ಟೊಯೊಟಾ ಹೈಲಕ್ಸ್ ಥರದ ದುಬಾರಿ ಗಾಡಿಗಳು. ದ್ರಾಕ್ಷಿಯಲ್ಲಿ ನಾಲ್ಕು ಕಾಸು ಕಂಡ ತೋಟದವರು, ಗುತ್ತಿಗೆದಾರರು ಕೊಳ್ಳುವಂಥವು. ಸಂಖ್ಯೆ ಕಡಿಮೆ. ಆದರೆ ಕಾರಿನಲ್ಲಿ ಆದದ್ದು ಪಿಕಪ್ಪಿನಲ್ಲೂ ಆಗುವುದು ಖಂಡಿತ. 2014ರಲ್ಲಿ ಮಾರುತಿ ಸೆಲೆರಿಯೊ ಕಡಿಮೆ ಬೆಲೆಗೆ ಕ್ಲಚ್ ಪೆಡಲ್ ಇಲ್ಲದ ಕಾರನ್ನು ತಂದಾಗ ಅದು ಬೆಂಗಳೂರಿನವರ ಸೌಖ್ಯ ಎಂದುಕೊಂಡವರೇ ಹೆಚ್ಚು. ಈಗ ಅಂಥ ಕಾರು ತಾಲೂಕಿನ ಊರುಗಳಲ್ಲೂ ಕಾಣುತ್ತದೆ. ಗಾಡಿ ಬಂದ ಮೇಲೆ ತಕರಾರು ಕಲಿಯುವುದಕ್ಕಿಂತ ಗಾಡಿ ಬರುವ ಹೊತ್ತಿನಲ್ಲೇ ತಕರಾರಿನ ಸ್ವರೂಪ ತಿಳಿದಿರುವುದು ಲೇಸು.

ಕೈಗೇರಿನ ಗಾಡಿಯಲ್ಲಿ ಹೊಣೆಯ ಲೆಕ್ಕ ಸ್ಪಷ್ಟವಾಗಿತ್ತು. ಎರೆಹೊಲದ ಬದುವಿನಿಂದ ಲೋಡಿನ ಗಾಡಿಯನ್ನು ಡಾಂಬರಿಗೆ ಹತ್ತಿಸುವಾಗ ಹಾಫ್ ಕ್ಲಚ್ಚಿನಲ್ಲಿ ಎಷ್ಟು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಚಾಲಕನ ಎಡಗಾಲಿಗೆ ಗೊತ್ತಿರುತ್ತದೆ. ಗೇರು ಕರಕರ ಎಂದರೆ ಕ್ಲಚ್ ಪೂರ್ತಿ ಒತ್ತಿಲ್ಲ. ಗಾಡಿ ಮುಗ್ಗರಿಸಿದರೆ ಬೇಗ ಬಿಟ್ಟಿದ್ದಾನೆ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬಂದರೆ ಯಾರು ಸುಟ್ಟರೆಂದು ಕೇಳಬೇಕಾಗಿಲ್ಲ. ಇಷ್ಟರ ಮೇಲೂ ತಪ್ಪು ಯಂತ್ರದ್ದೇ ಆಗಿದ್ದರೆ ಬಬಲೇಶ್ವರದ ಗ್ಯಾರೇಜಿನ ಮಿಸ್ತ್ರಿ ಗೋಣಿಚೀಲ ಹಾಸಿ ಗೇರ್‌ಬಾಕ್ಸ್ ಇಳಿಸಿ, ಸವೆದ ಬೇರಿಂಗನ್ನೋ ಹಲ್ಲನ್ನೋ ಮಾಲೀಕನ ಅಂಗೈಯಲ್ಲಿಟ್ಟು ತೋರಿಸುತ್ತಾನೆ. ಕಣ್ಣಿಗೆ ಕಂಡ ಸಾಕ್ಷಿಗೆ ಎದುರುಮಾತಿಲ್ಲ. ಆಟೋಮ್ಯಾಟಿಕ್ ಗಾಡಿಯಲ್ಲಿ ಈ ಎರಡೂ ಹೋದವು. ಚಾಲಕನ ಕಾಲಿಗೆ ಕ್ಲಚ್ಚಿಲ್ಲ, ಮಿಸ್ತ್ರಿಯ ಕೈಗೆ ಗೇರ್‌ಬಾಕ್ಸಿಲ್ಲ. ಅದರೊಳಗೆ ಏನಾಯಿತೆಂದು ಹೇಳಬಲ್ಲದ್ದು ಕಂಪನಿಯ ಸ್ಕ್ಯಾನರು ಮಾತ್ರ, ಆ ಸ್ಕ್ಯಾನರು ಇರುವುದು ಕಂಪನಿಯವರ ಕೈಯಲ್ಲಿ. ಆರೋಪಕ್ಕೆ ಗುರಿಯಾದವನೇ ಸಾಕ್ಷಿಯನ್ನೂ ಇಟ್ಟುಕೊಂಡಿರುವ ಸ್ಥಿತಿ ಇದು.

ಒಳಗೆ ನಡೆಯುವುದೇನು ಎಂದು ಸ್ವಲ್ಪ ನಿಧಾನವಾಗಿಯೇ ನೋಡಬೇಕು, ಏಕೆಂದರೆ ನೆಪಗಳು ಹುಟ್ಟುವುದು ಇಲ್ಲಿಯೇ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ಎಣ್ಣೆ ತುಂಬಿದ ಡಬ್ಬಿ ಇರುತ್ತದೆ. ಒಂದು ಬದಿಯ ರೆಕ್ಕೆಗಳು ಎಣ್ಣೆಯನ್ನು ತಿರುಗಿಸುತ್ತವೆ, ಆ ಎಣ್ಣೆಯ ರಭಸ ಇನ್ನೊಂದು ಬದಿಯ ರೆಕ್ಕೆಗಳನ್ನು ತಿರುಗಿಸುತ್ತದೆ. ಜರ್ಮನಿಯ ಹೆರ್ಮಾನ್ ಫೋಟಿಂಗರ್ 1905ರಲ್ಲಿ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ನೆಲದ ಗಾಡಿಗೆ ಅದು ಆಮೇಲೆ ಬಂತು. ಅಮೆರಿಕದ ಜನರಲ್ ಮೋಟರ್ಸ್ 1940ರ ಓಲ್ಡ್ಸ್‌ಮೊಬಿಲ್ ಕಾರುಗಳಿಗೆ ನಾಲ್ಕು ಗೇರಿನ ಹೈಡ್ರಾ-ಮ್ಯಾಟಿಕ್ ಕೊಟ್ಟ ಮೇಲೆ ತಾನೇ ಗೇರು ಬದಲಿಸುವ ಗಾಡಿ ಮಾರುಕಟ್ಟೆಯ ವಸ್ತುವಾಯಿತು. ಕನ್ವರ್ಟರಿನ ಹಿಂದೆ ಹಲ್ಲುಚಕ್ರಗಳ ಗುಂಪುಗಳು, ಅವನ್ನು ಹಿಡಿದು ಬಿಡುವ ಹಲವು ಸಣ್ಣ ಕ್ಲಚ್ಚುಗಳು. ಗೇರು ಬದಲಾಗುವುದು ಎಂದರೆ ಒಂದು ಕ್ಲಚ್ಚು ಬಿಡುವುದು, ಇನ್ನೊಂದು ಹಿಡಿಯುವುದು. ತೋಟದಲ್ಲಿ ಕ್ರೇಟು ಲೋಡ್ ಮಾಡುವಾಗ ಕೆಳಗಿನವನು ಎತ್ತಿ ಕೊಟ್ಟದ್ದನ್ನು ಗಾಡಿಯ ಮೇಲಿನವನು ಹಿಡಿಯುತ್ತಾನಲ್ಲ, ಹಾಗೆ: ಮೇಲಿನವನು ಹಿಡಿಯುವ ಮೊದಲೇ ಕೆಳಗಿನವನು ಬಿಟ್ಟರೆ ಕ್ರೇಟು ಬೀಳುತ್ತದೆ, ಮೇಲಿನವನು ಹಿಡಿದ ಮೇಲೂ ಕೆಳಗಿನವನು ಬಿಡದಿದ್ದರೆ ಇಬ್ಬರೂ ಎಳೆದಾಡುತ್ತಾರೆ. ಗೇರ್‌ಬಾಕ್ಸಿನಲ್ಲಿ ಈ ಕೈಬದಲು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕು. ಬೇಗ ಬಿಟ್ಟರೆ ಆರ್‌ಪಿಎಂ ಮುಳ್ಳು ಸುಮ್ಮನೆ ಮೇಲೆದ್ದು, ಆಮೇಲೆ ಧಡ್ ಎಂದು ಗೇರು ಕೂಡುತ್ತದೆ. ತಡವಾಗಿ ಬಿಟ್ಟರೆ ಎರಡೂ ಕ್ಲಚ್ಚು ಒಟ್ಟಿಗೆ ಹಿಡಿದು ಗಾಡಿ ಮುಗ್ಗರಿಸುತ್ತದೆ. ಹಿಡಿಸುವುದೂ ಬಿಡಿಸುವುದೂ ಎಣ್ಣೆಯ ಒತ್ತಡದಿಂದ. ಆ ಒತ್ತಡವನ್ನು ತೆರೆದು ಮುಚ್ಚುವವು ಸಾಲಿನಾಯ್ಡ್‌ಗಳು. ಅವಕ್ಕೆ ಅಪ್ಪಣೆ ಕೊಡುವುದು ಒಂದು ಪುಟ್ಟ ಕಂಪ್ಯೂಟರು. ಈ ಸಾಲಿನಲ್ಲಿ ಚಾಲಕನ ಕೈಗೆ ಸಿಗುವ ಸರಕು ಒಂದೇ, ಆಕ್ಸಲರೇಟರಿನ ಮೇಲಿನ ಒತ್ತು. ಅದೂ ನೇರವಾಗಿ ಗೇರನ್ನು ಮುಟ್ಟುವುದಿಲ್ಲ, ಕಂಪ್ಯೂಟರಿಗೆ ಒಂದು ಸೂಚನೆಯಾಗಿ ಹೋಗುತ್ತದೆ.

ಈಗ ಮೊದಲ ಉತ್ತರಕ್ಕೆ ಬರೋಣ. ಓಡಿಸಿದ ಹಾಗೆ ಸರಿಯಾಗುತ್ತದೆ ಎಂಬುದು ಬುರುಡೆಯಲ್ಲ. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ತಯಾರಾದ ಎರಡು ಗೇರ್‌ಬಾಕ್ಸುಗಳ ಕ್ಲಚ್ಚಿನ ಸಂದು ಕೂದಲೆಳೆಯಷ್ಟಾದರೂ ಬೇರೆಯಾಗಿರುತ್ತದೆ. ಆ ಸಂದು ತುಂಬಲು ಬೇಕಾದ ಎಣ್ಣೆ, ಅದಕ್ಕೆ ಹಿಡಿಯುವ ಕ್ಷಣ ಎರಡೂ ಆಗ ಬೇರೆಯಾಗುತ್ತವೆ. ಕಂಪ್ಯೂಟರು ಪ್ರತಿಸಲ ಗೇರು ಬದಲಾದಾಗ ಆರ್‌ಪಿಎಂ ಹೇಗೆ ಏರಿತು, ಹೇಗೆ ಇಳಿಯಿತು ಎಂದು ನೋಡಿ ಮುಂದಿನ ಸಲಕ್ಕೆ ಒತ್ತಡವನ್ನು ತಿದ್ದಿಕೊಳ್ಳುತ್ತದೆ. ಇದನ್ನೇ ಕಲಿಕೆ ಎನ್ನುತ್ತಾರೆ, ಹೊಸ ಗಾಡಿ ಮೊದಮೊದಲು ಒರಟಾಗಿದ್ದು ಆಮೇಲೆ ನುಣುಪಾಗುವುದು ಈ ಕಾರಣಕ್ಕೆ. ಆದರೆ ಈ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಗೇರ್‌ಬಾಕ್ಸ್ ಬದಲಿಸಿದಾಗ ಅಥವಾ ಕಂಪ್ಯೂಟರಿನ ನೆನಪು ಅಳಿಸಿದಾಗ ಅದಕ್ಕೆ ಮತ್ತೆ ಪಾಠ ಹೇಳಲು ಕಂಪನಿಗಳೇ ಕ್ರಮ ಬರೆದುಕೊಟ್ಟಿರುತ್ತವೆ: ಎಣ್ಣೆ ಇಷ್ಟು ಬಿಸಿಯಾಗಿರಲಿ, ಆಕ್ಸಲರೇಟರನ್ನು ಇಷ್ಟೇ ಒತ್ತಿ ಮೇಲಿನ ಗೇರಿನವರೆಗೆ ಹೋಗಿ, ನಿಧಾನವಾಗಿ ನಿಲ್ಲಿಸಿ, ಇದನ್ನೇ ಇಷ್ಟು ಸಲ ಮಾಡಿ. ಸರ್ವಿಸ್ ಸೆಂಟರಿನ ಹುಡುಗ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಮುಗಿಸಬಹುದಾದ ಕೆಲಸ ಅದು. ಹಾಗಿದ್ದಮೇಲೆ ಮಾಲೀಕನ ಗಾಡಿಗೆ ಮಾತ್ರ ತಿಂಗಳುಗಟ್ಟಲೆ ಕಲಿಕೆಯ ಕಾಲ ಏಕೆ? ಕಲಿಕೆಗೆ ಮಿತಿಯೂ ಇದೆ. ಕಂಪ್ಯೂಟರು ಒತ್ತಡವನ್ನು ಒಂದು ಎಲ್ಲೆಯೊಳಗೆ ತಿದ್ದಬಲ್ಲದೇ ಹೊರತು, ಕಚ್ಚಿಕೊಂಡ ವಾಲ್ವನ್ನೂ ಸೋರುವ ಸೀಲನ್ನೂ ಸವೆದ ಬುಷ್ಷನ್ನೂ ಪಾಠದಿಂದ ಗುಣಪಡಿಸಲಾರದು. ಮೊದಲ ವಾರದ ಒರಟುತನವನ್ನು ತಾಳಿಕೊಳ್ಳುವುದು ನ್ಯಾಯ. ಕಲಿಕೆಯ ಕ್ರಮ ಮುಗಿಸಿದ ಮೇಲೂ ಅದೇ ಗೇರಿನಲ್ಲಿ, ಅದೇ ವೇಗದಲ್ಲಿ ಝಟಕಾ ಉಳಿದರೆ ಅದು ದೋಷ. ಮಾಲೀಕ ಕೇಳಬೇಕಾದ ಪ್ರಶ್ನೆಯೂ ಅದೇ: ಕಲಿಸಿದ್ದೀರಾ, ಯಾವತ್ತು, ಕಲಿಸಿದ ಮೇಲೆ ಅಂಕಿಗಳು ಎಷ್ಟಿದ್ದವು?

ಎರಡನೆಯ ಉತ್ತರ ಇನ್ನೂ ಜಾಣತನದ್ದು. ಎಲ್ಲ ಆಟೋಮ್ಯಾಟಿಕ್ಕೂ ಹೀಗೇ ಎನ್ನುವಾಗ ಎರಡು ಬೇರೆ ಯಂತ್ರಗಳನ್ನು ಒಂದೇ ಹೆಸರಿನಲ್ಲಿ ಕಟ್ಟಿಬಿಡುತ್ತಾರೆ. ಸೆಲೆರಿಯೊದಲ್ಲಿ ಬಂದದ್ದು ಎಎಂಟಿ: ಮಾಮೂಲು ಕೈಗೇರಿನ ಡಬ್ಬಿಯೇ, ಕ್ಲಚ್ ಒತ್ತುವ ಮತ್ತು ಗೇರು ತಳ್ಳುವ ಕೆಲಸವನ್ನು ಮಾತ್ರ ಯಂತ್ರದ ಕೈ ಮಾಡುತ್ತದೆ. ಒಂದು ಗೇರು ಬಿಟ್ಟು ಇನ್ನೊಂದು ಹಿಡಿಯುವ ನಡುವೆ ಎಂಜಿನ್ನಿನ ಎಳೆತ ಕ್ಷಣಹೊತ್ತು ನಿಂತೇ ನಿಲ್ಲುತ್ತದೆ, ಕೂತವರ ತಲೆ ಮುಂದಕ್ಕೆ ಬಾಗುತ್ತದೆ. ಅದು ಆ ಯಂತ್ರದ ಹುಟ್ಟುಗುಣ. ಬೆಲೆ ಕಡಿಮೆಯಾದದ್ದೂ ಆ ಕಾರಣಕ್ಕೇ. ಟಾರ್ಕ್ ಕನ್ವರ್ಟರಿನ ಗಾಡಿಯಲ್ಲಿ ಎಳೆತ ನಿಲ್ಲುವುದಿಲ್ಲ, ನಿಲ್ಲಬಾರದು. ಅದಕ್ಕಾಗಿಯೇ ಹೆಚ್ಚಿನ ದುಡ್ಡು ತೆತ್ತಿರುವುದು. ಎಎಂಟಿಯ ನಡತೆಯನ್ನು ತೋರಿಸಿ ಕನ್ವರ್ಟರಿನ ದೋಷವನ್ನು ಮುಚ್ಚುವುದು ಮೋಸ. ಇನ್ನು, ನಮ್ಮ ಈ ಮಾಡೆಲ್ಲೆಲ್ಲ ಹೀಗೇ ಎನ್ನುವುದು ಸಮಾಧಾನದ ಮಾತಲ್ಲ, ತಪ್ಪೊಪ್ಪಿಗೆ. ಅಮೆರಿಕದಲ್ಲಿ ಜನರಲ್ ಮೋಟರ್ಸಿನ ಎಂಟು ಗೇರಿನ ಡಬ್ಬಿಯಿದ್ದ ಪಿಕಪ್ಪುಗಳಲ್ಲಿ ಒಂದು ವೇಗದಲ್ಲಿ ಗಾಡಿ ಪೂರಾ ಅದುರುತ್ತಿತ್ತು, ಸಾಲು ಹಂಪುಗಳ ಮೇಲೆ ಹಾಯ್ದ ಹಾಗೆ. 2015ರಿಂದೀಚಿನ ಕೆಲವು ವರ್ಷಗಳ ಮಾಡೆಲ್ಲುಗಳಿಗೆ ಈ ದೂರು ಅಂಟಿಕೊಂಡಿತ್ತು. ಕಡೆಗೆ ಗೊತ್ತಾದದ್ದೇನೆಂದರೆ ಒಳಗಿನ ಎಣ್ಣೆ ತೇವ ಹೀರಿಕೊಂಡು ಕ್ಲಚ್ಚಿನ ಹಿಡಿತವನ್ನು ಕೆಡಿಸುತ್ತಿದೆ ಎಂದು. ಆ ಎಣ್ಣೆಯನ್ನು ಪೂರ್ತಿ ತೊಳೆದು ಬೇರೆ ಎಣ್ಣೆ ಹಾಕುವಂತೆ ಕಂಪನಿಯೇ ತನ್ನ ಡೀಲರುಗಳಿಗೆ ಸೂಚನೆ ಕೊಟ್ಟಿತು. ಎಲ್ಲ ಗಾಡಿಗಳೂ ಅದುರುತ್ತಿದ್ದವು ಎಂಬುದರಿಂದ ಅದುರುವುದು ಸಹಜವಾಗಲಿಲ್ಲ, ಎಣ್ಣೆಯೇ ತಪ್ಪಾಗಿತ್ತು. ಮಾಲೀಕನ ಕೈಯಲ್ಲಿರುವ ಪರೀಕ್ಷೆ ಸುಲಭವಾದದ್ದು: ಅದೇ ಮಾಡೆಲ್ಲಿನ ಇನ್ನೊಂದು ಗಾಡಿಯನ್ನು, ಶೋರೂಮಿನ ಡೆಮೊ ಗಾಡಿಯನ್ನೇ, ಅದೇ ರಸ್ತೆಯಲ್ಲಿ, ಅದೇ ಲೋಡಿನಲ್ಲಿ ಓಡಿಸಿ ನೋಡಬೇಕು. ಅದು ಝಟಕಾ ಹೊಡೆಯದಿದ್ದರೆ ಹುಟ್ಟುಗುಣದ ಮಾತು ಅಲ್ಲಿಗೆ ಮುಗಿಯಿತು.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ನೋವಿನದು. ಹಳ್ಳಿಯಿಂದ ಬಂದವನಿಗೆ, ಮೊದಲ ಸಲ ಆಟೋಮ್ಯಾಟಿಕ್ ಕೊಂಡವನಿಗೆ, ಅದರಲ್ಲೂ ಹೆಣ್ಣುಮಗಳಿಗೆ, ನಿಮಗೆ ರೂಢಿ ಇಲ್ಲ ಎಂದರೆ ಬಾಯಿ ಕಟ್ಟಿದ ಹಾಗೆಯೇ. ಇಪ್ಪತ್ತು ವರ್ಷ ಟ್ರ್ಯಾಕ್ಟರು, ಟ್ರಕ್ಕು ಓಡಿಸಿದವನೂ ಆ ಮಾತಿಗೆ ತನ್ನ ಕಾಲನ್ನೇ ಅನುಮಾನಿಸಲು ಶುರುಮಾಡುತ್ತಾನೆ. ಈ ಮಾತು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಆಸ್ಟ್ರೇಲಿಯಾದ ನ್ಯಾಯಾಲಯದ ದಾಖಲೆಯೇ ಇದೆ. ಫೋರ್ಡಿನ ಫಿಯೆಸ್ಟಾ, ಫೋಕಸ್, ಇಕೊಸ್ಪೋರ್ಟ್ ಕಾರುಗಳಲ್ಲಿ ಪವರ್‌ಶಿಫ್ಟ್ ಎಂಬ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸಿತ್ತು. ಅದು ಪಿಕಪ್ಪಿನದ್ದಲ್ಲ, ಕನ್ವರ್ಟರಿನದ್ದೂ ಅಲ್ಲ, ಆದರೆ ದೂರು ಇದೇ: ಅದುರುವುದು, ಜಗ್ಗುವುದು. 2015ರ ಮೇ ತಿಂಗಳಿಂದ 2016ರ ಫೆಬ್ರುವರಿವರೆಗೆ ದೂರು ತಂದ ಗಿರಾಕಿಗಳಿಗೆ ಕಂಪನಿ, ಇದು ನೀವು ಓಡಿಸುವ ರೀತಿಯಿಂದ ಆಗುತ್ತಿದೆ ಎಂದು ಹೇಳಿತ್ತು. ಗೇರ್‌ಬಾಕ್ಸಿನಲ್ಲೇ ತೊಂದರೆಯಿದೆ ಎಂಬುದು ಕಂಪನಿಗೆ ಆಗಲೇ ತಿಳಿದಿತ್ತು. ಅಲ್ಲಿನ ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು. 2018ರ ಏಪ್ರಿಲ್‌ನಲ್ಲಿ ಫೆಡರಲ್ ಕೋರ್ಟು ದೂರುಗಳನ್ನು ನಡೆಸಿಕೊಂಡ ಆ ರೀತಿಯೇ ಅನ್ಯಾಯದ್ದೆಂದು ಹೇಳಿ ಫೋರ್ಡ್ ಆಸ್ಟ್ರೇಲಿಯಾಕ್ಕೆ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ದಂಡ ಬಿದ್ದದ್ದು ಯಂತ್ರ ಕೆಟ್ಟದ್ದಕ್ಕಲ್ಲ, ಯಂತ್ರದ ತಪ್ಪನ್ನು ಗಿರಾಕಿಯ ಕಾಲಿಗೆ ಕಟ್ಟಿದ್ದಕ್ಕೆ ಎಂಬುದನ್ನು ಗಮನಿಸಬೇಕು. ಯಂತ್ರ ಯಾರದ್ದಾದರೂ ಕೆಡಬಹುದು. ತನಗೆ ಗೊತ್ತಿದ್ದೂ ಎದುರಿನವನನ್ನು ತಪ್ಪುಗಾರನೆಂದು ನಂಬಿಸುವುದು ಬೇರೆಯೇ ಅಪರಾಧ.

ಹಾಗೆಂದು ಚಾಲಕನ ತಪ್ಪು ಇಲ್ಲವೇ ಇಲ್ಲ ಎನ್ನಲಾಗದು. ಗಾಡಿ ಇನ್ನೂ ಹಿಂದಕ್ಕೆ ಉರುಳುತ್ತಿರುವಾಗಲೇ ಲಿವರನ್ನು ಮುಂದಕ್ಕೆ ತಳ್ಳುವುದು, ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಲರೇಟರಿನ ಮೇಲೇ ಗಾಡಿಯನ್ನು ನಿಲ್ಲಿಸಿಕೊಳ್ಳುವುದು, ಕೆಟ್ಟ ಗಾಡಿಯನ್ನು ಚಕ್ರ ನೆಲದ ಮೇಲಿಟ್ಟೇ ಎಳೆದೊಯ್ಯುವುದು, ಇವೆಲ್ಲ ಗೇರ್‌ಬಾಕ್ಸನ್ನು ಕೊಲ್ಲುತ್ತವೆ. ಎಲ್ಲಕ್ಕಿಂತ ದೊಡ್ಡದು ಓವರ್‌ಲೋಡು. ನಮ್ಮ ಭಾಗದಲ್ಲಿ ಗಾಡಿಯ ಆರ್‌ಸಿಯಲ್ಲಿ ಬರೆದ ತೂಕಕ್ಕೂ ಗಾಡಿಯ ಮೇಲೇರುವ ತೂಕಕ್ಕೂ ಸಂಬಂಧವಿರುವುದು ಅಪರೂಪ. ಸ್ಪ್ರಿಂಗಿನ ಪಾಟಾ ಇನ್ನೂ ಬಾಗಿಲ್ಲ ಎಂಬುದೇ ಇಲ್ಲಿನ ತೂಕದ ಲೆಕ್ಕ. ಕೈಗೇರಿನ ಗಾಡಿ ಅದನ್ನು ಸಹಿಸುತ್ತದೆ, ಸಹಿಸದಿದ್ದರೆ ಕ್ಲಚ್ ಪ್ಲೇಟು ಸುಟ್ಟು ಹೇಳುತ್ತದೆ. ಆಟೋಮ್ಯಾಟಿಕ್ಕಿನಲ್ಲಿ ಹೆಚ್ಚಿನ ಲೋಡು ಎಣ್ಣೆಯನ್ನು ಕಾಯಿಸುತ್ತದೆ, ಕಾದ ಎಣ್ಣೆ ತೆಳುವಾಗಿ ಒತ್ತಡ ಹಿಡಿಯುವುದಿಲ್ಲ, ಕ್ಲಚ್ಚುಗಳು ಜಾರುತ್ತವೆ, ಜಾರಿದಷ್ಟೂ ಎಣ್ಣೆ ಮತ್ತೆ ಕಾಯುತ್ತದೆ. ಇಲ್ಲಿನ ಸುಗ್ಗಿಯೂ ಇದಕ್ಕೆ ಕೂಡಿಬರುವಂಥದು. ದ್ರಾಕ್ಷಿ ಕಡಿದು, ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಒಣಗಿಸಿ, ಒಣದ್ರಾಕ್ಷಿಯನ್ನು ಕೋಲ್ಡ್ ಸ್ಟೋರೇಜಿಗೂ ಮಾರುಕಟ್ಟೆಗೂ ಸಾಗಿಸುವ ಓಡಾಟವೆಲ್ಲ ಫೆಬ್ರುವರಿಯಿಂದ ಏಪ್ರಿಲ್, ಮೇವರೆಗೆ. ವರ್ಷದಲ್ಲಿ ಅತಿ ಹೆಚ್ಚು ಲೋಡು ಬೀಳುವ ತಿಂಗಳುಗಳು, ಬಿಸಿಲು ನಲವತ್ತು ಡಿಗ್ರಿ ಮುಟ್ಟುವ ತಿಂಗಳುಗಳು, ಎರೆಮಣ್ಣು ಬಿರಿದು ಧೂಳೇಳುವ ತಿಂಗಳುಗಳು ಒಂದೇ. ಗೇರ್‌ಬಾಕ್ಸಿನ ಎಣ್ಣೆ ತಂಪಾಗುವ ಕೂಲರು ಗಾಡಿಯ ಮೂತಿಯಲ್ಲಿ, ರೇಡಿಯೇಟರಿನ ಹತ್ತಿರವೇ ಇರುತ್ತದೆ. ಅದರ ಸಂದುಗಳಿಗೆ ಈ ಧೂಳು ಕೂತರೆ ಗಾಳಿ ಹಾಯುವುದಿಲ್ಲ. ಎಷ್ಟೋ ಗಾಡಿಗಳ ಕೈಪಿಡಿಗಳು ಬಿಸಿಲು, ಧೂಳು, ಭಾರ ಎಳೆಯುವುದು, ಇಂಥ ಬಳಕೆಯನ್ನು ಕಠಿಣ ಬಳಕೆ ಎಂದು ಕರೆದು ಎಣ್ಣೆಯನ್ನು ಬೇಗ ಬದಲಿಸಲು ಹೇಳುತ್ತವೆ. ಮಮದಾಪುರದಲ್ಲಿ ಕಠಿಣವಲ್ಲದ ಬಳಕೆ ಯಾವುದು? ಎಣ್ಣೆ ಗಾಡಿಯ ಆಯುಷ್ಯದವರೆಗೆ ಸಾಕು ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ನಮ್ಮ ಕಡೆಯವರು ಅದನ್ನು ಒಪ್ಪಬಾರದು.

ಆದರೆ ಓವರ್‌ಲೋಡಿನ ಆರೋಪಕ್ಕೂ ಒಂದು ಅಳತೆ ಬೇಕು. ಖಾಲಿ ಗಾಡಿ, ಮೊದಲ ಸರ್ವಿಸ್ಸಿಗೂ ಮುಂಚೆ, ಇನ್ನೂ ಒಂದು ಬಾಕ್ಸನ್ನೂ ಹೇರದೆ ಝಟಕಾ ಹೊಡೆದರೆ ಅದಕ್ಕೆ ಲೋಡು ಹೇಗೆ ಕಾರಣವಾದೀತು? ಮಿತಿ ಮೀರಿ ಕಾದ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತದೆ, ಸುಟ್ಟ ಕ್ಲಚ್ಚಿನ ಚೂರು ಅದರ ತಳದಲ್ಲಿರುತ್ತದೆ. ಎಣ್ಣೆ ತಿಳಿಯಾಗಿದ್ದೂ ಗೇರು ಜಗ್ಗುತ್ತಿದ್ದರೆ ಬೇರೆ ಕಡೆ ಹುಡುಕಬೇಕು. ಆಕ್ಸಲರೇಟರನ್ನು ಎಷ್ಟು ಒತ್ತಲಾಗಿತ್ತು, ಎಣ್ಣೆ ಎಷ್ಟು ಬಿಸಿಯಿತ್ತು, ಕ್ಲಚ್ಚು ಎಷ್ಟು ಜಾರಿತು ಎಂಬುದನ್ನೆಲ್ಲ ಅಳೆಯುವುದೂ ಅದೇ ಕಂಪ್ಯೂಟರು. ಸ್ಕ್ಯಾನರು ಹಾಕಿ ಗಾಡಿ ಓಡಿಸಿದರೆ ಆ ಅಂಕಿಗಳು ಪರದೆಯ ಮೇಲೆ ಹರಿಯುತ್ತವೆ. ಚಾಲಕ ತಪ್ಪಾಗಿ ಓಡಿಸಿದ್ದಾನೆ ಎನ್ನುವವರು ಅದನ್ನು ಅಂಕಿಯಲ್ಲಿ ತೋರಿಸಲಿ. ತೋರಿಸಿದರೆ ಮಾಲೀಕ ಒಪ್ಪಲೇಬೇಕು, ಅಲ್ಲಿ ನಾನೂ ಕಂಪನಿಯ ಪಕ್ಷವೇ. ತೋರಿಸಲು ಸಾಧನವಿದ್ದೂ ತೋರಿಸದೆ ಆರೋಪ ಹೊರಿಸುವುದನ್ನು ಒಪ್ಪಲಾಗದು.

ಒಂದಿಷ್ಟು ಜಗ್ಗಿದರೇನಂತೆ, ಗಾಡಿ ಓಡುತ್ತದಲ್ಲ ಎನ್ನುವವರೂ ಇದ್ದಾರೆ. ಒಣದ್ರಾಕ್ಷಿಯ ಬಾಕ್ಸಿಗೆ ಝಟಕಾದಿಂದ ಹಾನಿಯಿಲ್ಲ ನಿಜ. ಹಸಿದ್ರಾಕ್ಷಿಯ ಗೊಂಚಲಿಗೆ ಹಾನಿಯಿದೆ, ಕಾಳುದುರುತ್ತದೆ. ಅದಕ್ಕಿಂತ ದೊಡ್ಡ ಮಾತು ಜೀವದ್ದು. ಹೊಲದ ದಾರಿಯಿಂದ ಜಮಖಂಡಿ ರಸ್ತೆಗೆ ಗಾಡಿ ತಿರುಗಿಸುವಾಗ ಆಕ್ಸಲರೇಟರ್ ಒತ್ತಿದರೂ ಒಂದೆರಡು ಸೆಕೆಂಡು ಗಾಡಿ ಹೊರಡದೆ ನಿಂತು, ಆಮೇಲೆ ಒಮ್ಮೆಲೇ ನುಗ್ಗಿದರೆ, ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬರುತ್ತಿದ್ದರೆ ಏನಾದೀತು? ಅಮೆರಿಕದಲ್ಲಿ 2024ರ ಜೂನ್‌ನಲ್ಲಿ ಫೋರ್ಡ್ ತನ್ನ 2014ರ ಮಾಡೆಲ್ಲಿನ ಎಫ್-150 ಪಿಕಪ್ಪುಗಳನ್ನು, ಸುಮಾರು ಐದೂವರೆ ಲಕ್ಷ ಗಾಡಿಗಳನ್ನು, ರಿಪೇರಿಗೆ ಹಿಂದಕ್ಕೆ ಕರೆಯಿತು. ಗೇರ್‌ಬಾಕ್ಸಿನ ವೇಗ ಅಳೆಯುವ ಸೆನ್ಸರಿನಿಂದ ಕಂಪ್ಯೂಟರಿಗೆ ಹೋಗುವ ಸಂಕೇತ ಕಡಿದುಹೋಗಿ, ಓಡುತ್ತಿರುವ ಗಾಡಿ ತಾನಾಗಿಯೇ ಮೊದಲ ಗೇರಿಗೆ ಇಳಿಯುವ ಸಂಭವವಿತ್ತು. ಇಷ್ಟು ದೊಡ್ಡ ಅಪಾಯ ಹುಟ್ಟಿದ್ದು ತಂತಿಯ ಜೋಡಣೆಯಂಥ ಸಣ್ಣ ಜಾಗದಲ್ಲಿ. ನಮ್ಮಲ್ಲೂ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 110-ಎ ಕಲಮು, ಚಾಲಕನಿಗೋ ರಸ್ತೆಯ ಮೇಲಿನ ಇತರರಿಗೋ ಅಪಾಯ ತರುವ ದೋಷವಿದ್ದರೆ ಆ ಗಾಡಿಗಳನ್ನು ಹಿಂದಕ್ಕೆ ಕರೆಯಲು ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಇಂಥ ಆದೇಶಕ್ಕೆ ಒಂದು ದಾರಿ ಆ ಮಾಡೆಲ್ಲಿನ ಮಾಲೀಕರಲ್ಲಿ ಇಂತಿಷ್ಟು ಪಾಲು ಜನ ದೂರು ಕೊಡುವುದು. ದೂರೇ ದಾಖಲಾಗದಿದ್ದರೆ ಆ ಪಾಲು ಎಂದೂ ತುಂಬುವುದಿಲ್ಲ.

ಇಷ್ಟೆಲ್ಲ ತಾಪತ್ರಯವಿದ್ದಮೇಲೆ ಹಳ್ಳಿಗೆ ಆಟೋಮ್ಯಾಟಿಕ್ ಏಕೆ ಬೇಕು, ಕೈಗೇರೇ ಸಾಕಲ್ಲ ಎಂಬುದು ಹಿರಿಯರ ಮಾತು. ನಾನು ಒಪ್ಪುವುದಿಲ್ಲ. ಮೊಣಕಾಲು ಸವೆದವನಿಗೆ, ಎಡಗಾಲಿನ ಬಲ ಕಳೆದುಕೊಂಡವನಿಗೆ, ರಾತ್ರಿಯಿಡೀ ಸಾಂಗಲಿಯವರೆಗೆ ಲೋಡು ಒಯ್ಯುವವನಿಗೆ, ಮನೆಯ ಗಾಡಿಯನ್ನು ತಾನೂ ಓಡಿಸಬೇಕೆನ್ನುವ ಹೆಣ್ಣುಮಗಳಿಗೆ ಕ್ಲಚ್ಚಿಲ್ಲದ ಗಾಡಿ ನಿಜವಾದ ಉಪಕಾರ. ದೋಷ ತಿದ್ದಿಸುವುದನ್ನು ಬಿಟ್ಟು ಸಾಧನವನ್ನೇ ದೂರ ಮಾಡಿದರೆ ಕಳೆದುಕೊಳ್ಳುವವರು ಇವರೇ.

ಕಾನೂನಿನ ವಿಷಯದಲ್ಲಿ ಪಿಕಪ್ಪಿನ ಮಾಲೀಕನಿಗೆ ಇನ್ನೊಂದು ಅಂಜಿಕೆ ಹುಟ್ಟಿಸುತ್ತಾರೆ: ಇದು ವ್ಯಾಪಾರದ ಗಾಡಿ, ನೀವು ಗ್ರಾಹಕರೇ ಅಲ್ಲ ಎಂದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯದ ಉದ್ದೇಶಕ್ಕೆ ಕೊಂಡವರನ್ನು ಹೊರಗಿಡುವುದು ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ತಾನೇ ಬಳಸುವ ವಸ್ತು ವಾಣಿಜ್ಯದ್ದಲ್ಲ ಎಂದು ಅದೇ ಕಾಯ್ದೆ ಬಿಡಿಸಿ ಹೇಳುತ್ತದೆ. ಸುಪ್ರೀಂ ಕೋರ್ಟು 1995ರಲ್ಲಿ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಉದಾಹರಣೆಗೆ ಎತ್ತಿಕೊಂಡದ್ದೇ ತಾನೇ ಓಡಿಸಲು ಆಟೋ ಕೊಂಡವನನ್ನು, ತಾನೇ ಬಾಡಿಗೆಗೆ ಓಡಿಸಲು ಟ್ರಕ್ಕು ಕೊಂಡವನನ್ನು. ಇವರು ಗ್ರಾಹಕರೇ, ಜೊತೆಗೆ ಒಬ್ಬಿಬ್ಬರ ಸಹಾಯ ಪಡೆದ ಮಾತ್ರಕ್ಕೆ ಗ್ರಾಹಕತನ ಹೋಗುವುದಿಲ್ಲ ಎಂದಿತು. ಹತ್ತು ಗಾಡಿಯಿಟ್ಟು ಡ್ರೈವರುಗಳಿಂದ ಓಡಿಸುವವನ ಮಾತು ಬೇರೆ. ತನ್ನ ತೋಟದ ಮಾಲನ್ನು ತಾನೇ ಸಾಗಿಸುವ ರೈತ ಅಂಜಬೇಕಾಗಿಲ್ಲ. ಕಂಪನಿ ಪುಣೆಯಲ್ಲಿರಲಿ, ಚೆನ್ನೈಯಲ್ಲಿರಲಿ, ಮಾಲೀಕ ತಾನಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಅಂದರೆ ವಿಜಯಪುರದಲ್ಲೇ ದೂರು ಕೊಡಬಹುದು. ತೆತ್ತ ಬೆಲೆ 50 ಲಕ್ಷದವರೆಗಿದ್ದರೆ ಅದು ಜಿಲ್ಲಾ ಆಯೋಗಕ್ಕೆ ಸೇರಿದ್ದು. 20 ಲಕ್ಷ ದಾಟಿದ ಗಾಡಿಗೂ ಶುಲ್ಕ 1,000 ರೂಪಾಯಿ ಮಾತ್ರ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಹೇಳಿಕೊಳ್ಳಬಹುದು.

ಕಷ್ಟವಿರುವುದು ಬಾಗಿಲಿನಲ್ಲಲ್ಲ, ರುಜುವಾತಿನಲ್ಲಿ. ತಯಾರಿಕೆಯಲ್ಲೇ ದೋಷವಿದೆ ಎಂದು ತೋರಿಸುವ ಭಾರ ಸಾಮಾನ್ಯವಾಗಿ ದೂರು ಕೊಟ್ಟವನ ಮೇಲೆಯೇ ಬೀಳುತ್ತದೆ, ಪರಿಣತರ ವರದಿ ಎಲ್ಲಿ ಎಂದು ಕೇಳುತ್ತಾರೆ. ಪರೀಕ್ಷೆಯಿಲ್ಲದೆ ದೋಷ ಗೊತ್ತಾಗದು ಎನಿಸಿದರೆ ಆಯೋಗವೇ ವಸ್ತುವನ್ನು ತಕ್ಕ ಪ್ರಯೋಗಾಲಯಕ್ಕೆ ಕಳಿಸುವ ಅವಕಾಶ ಕಾಯ್ದೆಯಲ್ಲಿದೆ. ಅದನ್ನು ಕೇಳಿ ಪಡೆಯಬೇಕು. ಕೈಗೇರಿನ ಕಾಲದಲ್ಲಿ ಮಿಸ್ತ್ರಿ ಅಂಗೈಯಲ್ಲಿ ಇಟ್ಟು ತೋರಿಸಿದ ಹಲ್ಲುಚಕ್ರದ ಜಾಗಕ್ಕೆ ಈಗ ಬರಬೇಕಾದದ್ದು ಕಾಗದ. ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ "ಜನರಲ್ ಚೆಕಪ್" ಎಂದು ಬರೆದರೆ ದೂರು ಸತ್ತ ಹಾಗೆ. ಯಾವ ಗೇರಿನಿಂದ ಯಾವ ಗೇರಿಗೆ, ಎಷ್ಟು ವೇಗದಲ್ಲಿ, ಗಾಡಿ ತಣ್ಣಗಿದ್ದಾಗಲೋ ಕಾದಾಗಲೋ, ಖಾಲಿಯೋ ಲೋಡೋ, ಎಷ್ಟು ಕಿಲೋಮೀಟರಿನಿಂದ ಶುರುವಾಯಿತು ಎಂಬುದು ಮಾಲೀಕನ ಮಾತಿನಲ್ಲೇ ಬರಬೇಕು. ಟೆಕ್ನಿಷಿಯನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ, ಝಟಕಾ ಅವನಿಗೂ ತಾಗಿದ ಮೇಲೆ ಅವನ ಸಹಿ ಬೀಳಬೇಕು. ಸಾಫ್ಟ್‌ವೇರ್ ಹಾಕಿದರೆ, ಕಲಿಕೆ ಮಾಡಿಸಿದರೆ ಅದೂ ಕಾರ್ಡಿನಲ್ಲಿ ಏರಬೇಕು. ದೋಷ ಸಿಗಲಿಲ್ಲ ಎಂದರೆ ಅದನ್ನೇ ಬರೆದುಕೊಡಲಿ. ಸಿಗಲಿಲ್ಲ ಎಂದು ಮೂರು ಸಲ ಬರೆದ ಕಾಗದ, ಝಟಕಾ ಇದೆಯೆಂದು ತೋರಿಸುವ ನಾಲ್ಕನೆಯ ಕಾಗದದ ಜೊತೆ ಕೂತಾಗ ಅದಕ್ಕೆ ಬೇರೆಯೇ ತೂಕ ಬರುತ್ತದೆ. ಕೇಂದ್ರದ ಗ್ರಾಹಕ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಸಲುವಾಗಿ ಸಮಿತಿ ಮಾಡಿ, ಆ ವರ್ಷದ ಕೊನೆಯಲ್ಲಿ ಪೋರ್ಟಲ್ ತೆರೆದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತ್ತು. ಆ ಹಕ್ಕು ಗಟ್ಟಿಯಾಗಿ, ಬಬಲೇಶ್ವರದ ಮಿಸ್ತ್ರಿಯ ಕೈಗೂ ಸ್ಕ್ಯಾನರು ಮತ್ತು ಅದನ್ನು ಓದುವ ವಿದ್ಯೆ ಬಂದರೆ ಈ ಕಾಗದದ ಹೋರಾಟ ಅರ್ಧದಷ್ಟು ಹಗುರಾಗುತ್ತದೆ. ಅಲ್ಲಿಯವರೆಗೆ ಕಾರ್ಡೇ ಗತಿ.

ಕಾಲದ ಲೆಕ್ಕವನ್ನೂ ಮರೆಯುವಂತಿಲ್ಲ. ನಮ್ಮ ಕಡೆ ಹೊಸ ಗಾಡಿ ಬರುವುದು ಹೆಚ್ಚಾಗಿ ದಸರೆಗೆ, ದೀಪಾವಳಿ ಪಾಡ್ಯಕ್ಕೆ. ಡಿಸೆಂಬರಿನ ಚಳಿಯ ಬೆಳಗಿನಲ್ಲಿ ಎಣ್ಣೆ ದಪ್ಪಗಿರುವಾಗ ಕಾಣುವ ಒರಟುತನ ಒಂದು ಬಗೆ, ಮಾರ್ಚಿನ ಮಧ್ಯಾಹ್ನ ಲೋಡಿನಲ್ಲಿ ಎಣ್ಣೆ ಕಾದಾಗ ಕಾಣುವ ಅದುರು ಇನ್ನೊಂದು ಬಗೆ. ಮೊದಲನೆಯದು ಗಾಡಿ ಬಿಸಿಯಾದಂತೆ ಮಾಯವಾಗುತ್ತದೆ, ಸರ್ವಿಸ್ ಸೆಂಟರ್ ಬಾಗಿಲು ತೆರೆಯುವ ಹೊತ್ತಿಗೆ ತೋರಿಸಲು ಏನೂ ಇರುವುದಿಲ್ಲ; ಆದ್ದರಿಂದ ಗಾಡಿಯನ್ನು ಹಿಂದಿನ ಸಂಜೆಯೇ ಅಲ್ಲಿ ಬಿಟ್ಟು, ಬೆಳಿಗ್ಗೆ ಮೊದಲ ಚಾಲೂವನ್ನು ಅವರೇ ಮಾಡುವಂತೆ ನೋಡಿಕೊಳ್ಳಬೇಕು. ಎರಡನೆಯದು ಖಾಲಿ ಗಾಡಿಯಲ್ಲಿ ಕಾಣದು. ಆರ್‌ಸಿಯ ಮಿತಿಯೊಳಗಿನ ಲೋಡು ಹೇರಿಕೊಂಡೇ ಒಯ್ಯಬೇಕು, ತೂಕದ ಚೀಟಿ ಜೊತೆಗಿರಬೇಕು. ದ್ರಾಕ್ಷಿಯ ಕೆಲಸ ಮುಗಿಯಲಿ, ಮಳೆಗಾಲದಲ್ಲಿ ನೋಡೋಣ ಎಂದು ಮುಂದೂಡಿದರೆ ಆ ಬಿಸಿಯೂ ಆ ಲೋಡೂ ಮತ್ತೆ ಸಿಗುವುದು ಮರುವರ್ಷವೇ. ದೂರು ಕೊಡಲು ಕಾಯ್ದೆ ಕೊಟ್ಟಿರುವ ಎರಡು ವರ್ಷದಲ್ಲಿ ಅಂಥ ಬೇಸಿಗೆಗಳು ಎರಡೇ ಬರುತ್ತವೆ.